ಮುದುಕಿ ಬಂಡೆಯ ಮೇಲಿನ ತೊಂಬತ್ತೊಂಬತ್ತನೇ ಆವೃತ್ತಿ

ಪರೀಕ್ಷಾ ಕ್ಯಾಲ್ಕುಲೇಟರ್‌ಗಳಿಗೆ ಅನುಮೋದನೆ ನೀಡುವ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನೀವು ಹುಡುಕುತ್ತಿರುವವಳು ನಾನೇ. ಕಳೆದ ವಾರ ಎಲ್ಲ ಕಾಲೇಜುಗಳಿಗೂ ನೀವು ಹೊರಡಿಸಿದ ಸುತ್ತೋಲೆಯನ್ನು ನಮ್ಮ ಕಾಲೇಜಿನ ಗೋಡೆಯ ಮೇಲೆ ನಾನೂ ಓದಿದೆ. ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರ್‌ಗಳಲ್ಲಿ 'ಅಪರಿಚಿತ, ಅನಧಿಕೃತ ಹಾಗೂ ತಾನಾಗಿ ಹರಡುವ' ತೊಂಬತ್ತೊಂಬತ್ತನೇ ಆವೃತ್ತಿಯ ಆಪರೇಟಿಂಗ್ ಸಿಸ್ಟಂ ಕಂಡುಬಂದಿದೆ, ಅದರ ಮೂಲವನ್ನು ಪತ್ತೆ ಹಚ್ಚಲಾಗುತ್ತಿದೆ, ಅಂಥ ಯಂತ್ರಗಳನ್ನೆಲ್ಲ ಈ ತಿಂಗಳ ಕೊನೆಯೊಳಗೆ ಶುದ್ಧೀಕರಣಕ್ಕಾಗಿ ಕಾಲೇಜಿಗೆ ಒಪ್ಪಿಸಬೇಕು, ಒಪ್ಪಿಸದ ವಿದ್ಯಾರ್ಥಿಗೆ ಕಾಲೇಜು ಮುಗಿಸುವ ಜೂನ್ ತಿಂಗಳ ಬಾಕ್ ಪರೀಕ್ಷೆಯಲ್ಲಿ ಕುರ್ಚಿ ಇಲ್ಲ ಎಂದೆಲ್ಲ ಅದರಲ್ಲಿದೆ. ಪತ್ತೆ ಹಚ್ಚುವ ಶ್ರಮ ತಮಗೆ ಬೇಡ. ಮೂಲ ಇರುವುದು ಪೋರ್ಸ್‌ಗ್ವೆನ್ ಬಂದರಿನಲ್ಲಿ, ಬೇಕರಿಗೂ ಹಗ್ಗ-ಬಲೆ ಮಾರುವ ಅಂಗಡಿಗೂ ನಡುವೆ, ಬಾಗಿಲ ಮೇಲೆ ಕತ್ತರಿಯ ಚಿತ್ರವಿರುವ ನನ್ನ ಕ್ಷೌರದಂಗಡಿಯಲ್ಲಿ. ಭಾನುವಾರ ಮತ್ತು ಸೋಮವಾರ ರಜೆ. ಉಳಿದ ದಿನ ತಾವು ಯಾವಾಗ ಬಂದರೂ ಮೂಲ ಅಲ್ಲೇ ನಿಂತು ಯಾರದ್ದೋ ತಲೆ ತೊಳೆಯುತ್ತಿರುತ್ತದೆ.

ನನ್ನ ದೂರು ಇಷ್ಟೇ. ನಮ್ಮ ಮನೆಯ ಒಂದು ಯಂತ್ರ ಮುಂದಕ್ಕೆ ಮಾತ್ರ ಹೋಗಬೇಕು, ಹಿಂದಕ್ಕೆ ಬರಲೇಕೂಡದು ಎಂದು ತಾವು ನಿಯಮ ಮಾಡಿದಿರಿ. ನಾವು ನಮ್ಮ ಪಾಡಿಗೆ ಕಷ್ಟಪಟ್ಟು ಅದನ್ನು ಹಿಂದಕ್ಕೆ ತಂದೆವು. ಈಗ ಅದನ್ನು ಕಸಿದುಕೊಳ್ಳಲು ಹೊರಟಿದ್ದೀರಿ. ತಕ್ಕಡಿಯ ಒಂದು ತಟ್ಟೆಯಲ್ಲಿ ನನ್ನ ಮಾವನ ಸಮುದ್ರವನ್ನೂ ಇನ್ನೊಂದರಲ್ಲಿ ನನ್ನ ಮಗಳ ಪರೀಕ್ಷೆಯನ್ನೂ ಇಟ್ಟು, ಯಾವುದು ಬೇಕೋ ಆರಿಸಿಕೊಳ್ಳಿ ಎಂದು ನಮ್ಮನ್ನು ಕೇಳುತ್ತಿದ್ದೀರಿ. ಇಂಥ ಪ್ರಶ್ನೆಯನ್ನು ತಾವು ಗಣಿತದ ಪತ್ರಿಕೆಯಲ್ಲಿ ಕೂಡ ಕೇಳಿದ್ದಿಲ್ಲ.

ಆ ಯಂತ್ರ ನನ್ನ ಮಗಳು ಅಜೆನೋರ್‌ಳದ್ದು. ಕಾಲೇಜಿನ ಕೊನೆಯ ವರ್ಷದಲ್ಲಿರುವ ಅವಳಿಗೆ ಮೊದಲ ವರ್ಷವೇ ಅದನ್ನು ಎಲ್ಲ ಮಕ್ಕಳ ಜೊತೆ ಹಂಚಲಾಗಿತ್ತು. ಯಂತ್ರ ಒಂದೇ ಆದರೂ ಅದಕ್ಕೆ ಸಂಸಾರ ಎರಡು. ಸೋಮವಾರದಿಂದ ಶುಕ್ರವಾರದವರೆಗೆ ಅದು ಮಗಳ ಚೀಲದಲ್ಲಿದ್ದು ವಕ್ರರೇಖೆಗಳನ್ನು ಬಿಡಿಸುತ್ತದೆ. ಶನಿವಾರ ಬೆಳಗಾದರೆ ಪ್ಲಾಸ್ಟಿಕ್ ಚೀಲದೊಳಗೆ ಕುಳಿತು, ತಂಬಾಕಿನ ಪೊಟ್ಟಣದ ಪಕ್ಕ, ನನ್ನ ಮಾವ ಜೋಬ್ ಕೆರ್ಮಾರೆಕ್‌ರ ಮಳೆಯಂಗಿಯ ಜೇಬಿಗೆ ಇಳಿಯುತ್ತದೆ. ಮಾವನಿಗೆ ಎಪ್ಪತ್ತೊಂಬತ್ತು. ಮೀನುಹಡಗಿನ ಕೆಲಸ ಬಿಟ್ಟ ಮೇಲೆ ಅವರು ಬದುಕಿರುವುದೇ ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಇಳಿತಕ್ಕಾಗಿ. ಸಮುದ್ರ ಹಿಂದೆ ಸರಿದಾಗ ಕುಂಟೆ, ಬುಟ್ಟಿ ಹಿಡಿದು ಮರಳಿನ ಮೇಲೆ ನಡೆಯುತ್ತ ಮುದುಕಿ ಬಂಡೆಯವರೆಗೆ ಹೋಗಿ, ಮರಳಲ್ಲಿ ಹುದುಗಿದ ಮರುವಾಯಿ ಚಿಪ್ಪುಗಳನ್ನು ಹೆಕ್ಕಿ, ಕಲ್ಲಿನ ಸಂದಿಯ ಏಡಿಗಳನ್ನು ಬೈದು, ನೀರು ಏರುವ ಮುಂಚೆ ವಾಪಸಾಗುವುದು. ಬುಟ್ಟಿ ತುಂಬಿದರೆ ಸಂತೋಷ, ತುಂಬದಿದ್ದರೆ ಸರ್ಕಾರದ ತಪ್ಪು.

ಮುದುಕಿ ಬಂಡೆಯ ತೊಂದರೆ ಏನೆಂದರೆ ನೀರು ಅಲ್ಲಿ ಎದುರಿನಿಂದ ಬರುವುದಿಲ್ಲ, ಹಿಂದಿನಿಂದ ಬರುತ್ತದೆ. ಮುಂದೆ ಸಮುದ್ರ ಇನ್ನೂ ದೂರದಲ್ಲಿ ಹೊಳೆಯುತ್ತ ಇರುವಾಗಲೇ ಬೆನ್ನ ಹಿಂದಿನ ಕಾಲುವೆ ಸದ್ದಿಲ್ಲದೆ ತುಂಬಿ ದಾರಿ ಮುಚ್ಚಿಬಿಡುತ್ತದೆ. ಅಚ್ಚಾದ ಪಟ್ಟಿಯಲ್ಲಿರುವುದು ದೊಡ್ಡ ಬಂದರಿನ ಹೊತ್ತು, ನಮ್ಮ ಕಾಲುವೆಯದ್ದಲ್ಲ. ಮೊಬೈಲಿನಲ್ಲಿ ನೋಡಬಾರದೇ ಎನ್ನುತ್ತೀರಿ. ಬಂಡೆಯ ಹತ್ತಿರ ಸಿಗ್ನಲ್ ಇಲ್ಲ, ಒದ್ದೆ ಕೈಗೆ ಗಾಜಿನ ಪರದೆ ಬಗ್ಗುವುದಿಲ್ಲ, ಮೊಬೈಲಿಗೂ ಗೊತ್ತಿರುವುದು ಅದೇ ದೊಡ್ಡ ಬಂದರು. ಹೀಗಾಗಿ ನಮ್ಮೂರಿನ ನಿವೃತ್ತ ಗಣಿತ ಅಧ್ಯಾಪಕಿ ಮದಾಂ ಕೆಮೆನರ್ ಎರಡು ಚಳಿಗಾಲ ಮಾವನ ಜೊತೆ ಬೂಟು ಹಾಕಿಕೊಂಡು ಓಡಾಡಿ, ಅವರಿಂದ ಬೈಸಿಕೊಂಡು, ಅವರನ್ನೂ ಬೈದು, ಆ ಕಾಲುವೆಗೆಂದೇ ಯಂತ್ರದ ಒಳಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದರು. ಗುಂಡಿ ಒತ್ತಿದರೆ ಆ ದಿನದ ಏರಿಳಿತ ಪರದೆಯ ಮೇಲೆ ಒಂದು ಬಾಗಿದ ಗೆರೆಯಾಗಿ ಮೂಡುತ್ತದೆ, ಅದರ ಮೇಲೆ ನೆಟ್ಟನೆಯ ಇನ್ನೊಂದು ಗೆರೆ ನಿಲ್ಲುತ್ತದೆ. ಆ ಹೊತ್ತಾದಾಗ ಕೈಗೆ ಎಷ್ಟೇ ದಪ್ಪ ಮರುವಾಯಿ ಸಿಕ್ಕಿರಲಿ, ಬಿಟ್ಟು ಹಿಂದಿರುಗಬೇಕು. ದಪ್ಪ ಗುಂಡಿಗಳು, ಕೈಗವಸು ಹಾಕಿದ್ದರೂ ಒತ್ತಬಹುದು. ಮಾವನಿಗೆ ಹಿಂದಿರುಗು ಎಂದು ಹೇಳಿ ಬೈಸಿಕೊಳ್ಳದೆ ಉಳಿದದ್ದು ಲೋಕದಲ್ಲಿ ಈ ಯಂತ್ರ ಒಂದೇ.

ಇನ್ನು ತಮ್ಮ ವಿಷಯಕ್ಕೆ ಬರುತ್ತೇನೆ. ಪರೀಕ್ಷೆಯ ಮೊದಲು ಮಕ್ಕಳೆಲ್ಲ ತಮ್ಮ ಯಂತ್ರವನ್ನು ಪರೀಕ್ಷೆಯ ಸ್ಥಿತಿಗೆ ತರಬೇಕು. ಆಗ ಅದರೊಳಗೆ ಕೂಡಿಟ್ಟದ್ದೆಲ್ಲ ಮರೆಯಾಗಿ ನೆತ್ತಿಯ ಮೇಲೊಂದು ಸಣ್ಣ ಕೆಂಪು ದೀಪ ಮಿನುಗತೊಡಗುತ್ತದೆ. ಎಲ್ಲೋ ಯಾವನೋ ಬುದ್ಧಿವಂತ ದೀಪವನ್ನು ಸುಮ್ಮನೆ ಮಿನುಗಿಸುತ್ತ, ಒಳಗೆ ಉತ್ತರಗಳನ್ನು ಇಟ್ಟುಕೊಂಡು ಕುಳಿತಿದ್ದನಂತೆ. ಅವನನ್ನು ಹಿಡಿಯಿರಿ, ಬೇಡ ಎಂದವರಾರು? ನನ್ನ ಮಗಳು ಓದಿ ಬರೆಯುವವಳು, ಕದ್ದು ಬರೆಯುವವರ ಮೇಲೆ ಅವಳಿಗೆ ನಿಮಗಿಂತ ಹೆಚ್ಚು ಸಿಟ್ಟಿದೆ. ಆದರೆ ತಾವು ಅವನನ್ನು ಹಿಡಿಯುವ ಬದಲು, ಯಂತ್ರದ ಒಳಭಾಷೆಯಲ್ಲಿ ಬರೆದ ಯಾವ ಪ್ರೋಗ್ರಾಮೂ ಇನ್ನು ಮುಂದೆ, ಪರೀಕ್ಷೆ ಇರಲಿ ಇಲ್ಲದಿರಲಿ, ದೇಶದ ಯಾವ ಮನೆಯಲ್ಲೂ ಓಡದಂಥ ಹೊಸ ಆವೃತ್ತಿಯನ್ನು ಮಾಡಿಸಿದಿರಿ. ಅದನ್ನು ಒಮ್ಮೆ ಹಾಕಿದ ಮೇಲೆ ಹಳೆಯದಕ್ಕೆ ಮರಳುವ ಬಾಗಿಲನ್ನೂ ಮುಚ್ಚಿಸಿದಿರಿ. ಒಬ್ಬನ ತಲೆಯಲ್ಲಿ ಹೇನು ಕಂಡಿತೆಂದು ನಾನು ಇಡೀ ಊರಿನ ತಲೆ ಬೋಳಿಸಿ, ಮತ್ತೆ ಬೆಳೆಯದ ಹಾಗೆ ಔಷಧ ಹಚ್ಚಿ ಕಳಿಸಿದರೆ ನನ್ನ ಅಂಗಡಿಯ ಪರವಾನಗಿ ಎಷ್ಟು ದಿನ ಉಳಿಯುತ್ತಿತ್ತು, ತಾವೇ ಹೇಳಿ.

ನಾವು ಹೊಸ ಆವೃತ್ತಿ ಹಾಕಲಿಲ್ಲ. ನಿಯಮದಲ್ಲಿ ಆಗ ಹಾಕಲೇಬೇಕೆಂದೂ ಇರಲಿಲ್ಲ. ದೀಪ ಮಿನುಗಿದರೆ ಸಾಕಿತ್ತು, ನಮ್ಮದು ಚೆನ್ನಾಗಿಯೇ ಮಿನುಗುತ್ತಿತ್ತು. ಮಾರ್ಚ್ ತಿಂಗಳಲ್ಲಿ ಬಾಕ್‌ಗೆ ಮುಂಚಿನ ತಯಾರಿ ಪರೀಕ್ಷೆ ನಡೆಯಿತು. ಪರೀಕ್ಷೆಯ ಸ್ಥಿತಿಯಿಂದ ಯಂತ್ರವನ್ನು ಬಿಡಿಸಬೇಕಾದರೆ ಅದನ್ನು ಇನ್ನೊಂದು ಯಂತ್ರಕ್ಕೆ ತಂತಿಯಿಂದ ಜೋಡಿಸಬೇಕು. ಅದಕ್ಕೆ ಪರೀಕ್ಷೆ ಮುಗಿದೊಡನೆ ಕಾರಿಡಾರಿನಲ್ಲಿ ಮಕ್ಕಳು ಜೋಡಿ ಜೋಡಿಯಾಗಿ ನಿಂತು, ಯಂತ್ರಗಳನ್ನು ಮೂತಿಗೆ ಮೂತಿ ಹಚ್ಚಿ, ಎರಡನೇ ಲೆಕ್ಕದ ಉತ್ತರ ಏನು ಬಂತು ಎಂದು ಕೇಳಿಕೊಳ್ಳುವುದು ಇಲ್ಲಿನ ರೂಢಿ. ಸಣ್ಣವಳಿದ್ದಾಗಿನಿಂದ ಅಜೆನೋರ್‌ಳ ಜೊತೆಗಾತಿ ತಿಫೆನ್, ಆ ದಿನವೂ ಅವಳ ಜೋಡಿ. ತಿಫೆನ್‌ಳ ಯಂತ್ರ ಜೊತೆಯ ಯಂತ್ರವನ್ನು ಬಿಡಿಸಿತು, ಆಮೇಲೆ ಬಹಳ ವಿನಯದಿಂದ ಒಂದು ಪ್ರಶ್ನೆ ಕೇಳಿತು: ಎದುರಿನ ಯಂತ್ರದ ಆವೃತ್ತಿ ಹಳೆಯದಾಗಿದೆ, ಹೊಸದನ್ನು ಕಳಿಸಲೇ? ತಿಫೆನ್ ಒಳ್ಳೆಯ ಮನೆಯ ಹುಡುಗಿ. ಕೊಡಲೇ ಎಂದು ಕೇಳಿದರೆ ಹೂಂ ಎನ್ನುವುದನ್ನೇ ಅವಳಿಗೆ ಕಲಿಸಿರುವುದು. ಗೆಳತಿಗೆ ಉಪಕಾರವಾಗಲೆಂದು ಗುಂಡಿ ಒತ್ತಿದಳು. ಹೀಗೆ ತಮ್ಮ ಆವೃತ್ತಿ ಸ್ನೇಹದ ಮೂಲಕವೇ ನಮ್ಮ ಮನೆ ಹೊಕ್ಕಿತು.

ಮರುದಿನ ಶನಿವಾರ, ವರ್ಷದ ಅತಿ ದೊಡ್ಡ ಇಳಿತ. ಮಾವ ಮುಂಜಾನೆ ಗುಂಡಿ ಒತ್ತಿದರು. ಗೆರೆ ಮೂಡಲಿಲ್ಲ. 'ಈ ಬಗೆಯ ಪ್ರೋಗ್ರಾಂಗೆ ಅನುಮತಿಯಿಲ್ಲ' ಎಂಬ ಅಕ್ಷರಗಳು ಮೂಡಿದವು. ಮಾವ ಕನ್ನಡಕ ಹಾಕಿಕೊಂಡು ಎರಡನೇ ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ಸಮುದ್ರಕ್ಕೆ ಹೋಗೋಕೆ ಅನುಮತಿ ಕೇಳಿದ್ದು ಯಾರು? ನಾನಂತೂ ಕೇಳಿಲ್ಲ," ಅಂದರು. ಯಂತ್ರ ಹುಟ್ಟುವ ಮುಂಚೆಯೂ ತಾನು ಅಲ್ಲಿಗೆ ಹೋಗುತ್ತಿದ್ದವನೇ ಎಂದು ಬೂಟು ಏರಿಸಿಕೊಂಡು ಹೊರಟೇಬಿಟ್ಟರು. ಅದು ನಿಜವೇ. ಆದರೆ ಅವರ ನೆನಪಿನಲ್ಲಿದ್ದ ಕಾಲುವೆ ನಲವತ್ತು ವರ್ಷದ ಹಿಂದಿನದು. ಮರಳು ಆಮೇಲೆ ಎಷ್ಟೋ ಸಲ ಜಾಗ ಬದಲಿಸಿದೆ, ಮಾವ ಬದಲಾಗಿಲ್ಲ.

ಬುಟ್ಟಿ ಅರ್ಧ ತುಂಬುವ ಹೊತ್ತಿಗೆ ಹಿಂದಿನ ದಾರಿ ಮುಚ್ಚಿತ್ತು. ನನ್ನ ಅಂಗಡಿಯ ಕಿಟಕಿಯಿಂದ ಬಂಡೆ ಚೆನ್ನಾಗಿ ಕಾಣುತ್ತದೆ. ಅದರ ನೆತ್ತಿಯ ಮೇಲೆ ಹಳದಿ ಮಳೆಯಂಗಿ ಕಂಡಾಗ ನನ್ನ ಕೈಲಿದ್ದ ಕತ್ತರಿ ಕೆಳಗೆ ಬಿತ್ತು. ಪಾಪ, ಕುರ್ಚಿಯಲ್ಲಿದ್ದ ಗಿರಾಕಿಯ ಮುಂಗೂದಲು ಇಂದಿಗೂ ಓರೆಯಾಗಿದೆ. ನನಗೆ ಭಯವಾಯಿತು, ಅದನ್ನು ಮುಚ್ಚಿಡುವುದಿಲ್ಲ. ರಕ್ಷಣಾ ದೋಣಿಯ ಸ್ವಯಂಸೇವಕರು ಹೋದರು. ಅವರಲ್ಲಿ ಅರ್ಧ ಜನರ ಕೂದಲು ಕತ್ತರಿಸುವವಳು ನಾನೇ ಆದ್ದರಿಂದ ಅಲ್ಲಿ ನಡೆದ ಮಾತು ಮಧ್ಯಾಹ್ನದೊಳಗೆ ನನ್ನ ಕಿವಿಗೆ ಬಿತ್ತು. ಅವರು ಹತ್ತಿರ ಹೋದಾಗ ಮಾವ ಬಂಡೆಯ ಮೇಲೆ ಕುಳಿತು ಬ್ರೆಡ್ಡಿಗೆ ಉಪ್ಪು ಬೆಣ್ಣೆ ಹಚ್ಚುತ್ತಿದ್ದರಂತೆ. ಸಿಕ್ಕಿಹಾಕಿಕೊಂಡಿರಾ ಎಂದು ಕೇಳಿದ್ದಕ್ಕೆ, "ಸಿಕ್ಕಿಹಾಕ್ಕೊಂಡಿಲ್ಲ ಕಣ್ರೋ, ಮುಂದಿನ ಇಳಿತಕ್ಕೆ ಕಾಯ್ತಾ ಇದೀನಿ," ಅಂದರಂತೆ. ಆಗಲೇ ನೀರು ಅವರ ಬೂಟಿನ ಹಿಮ್ಮಡಿ ನೆಕ್ಕುತ್ತಿತ್ತು.

ಊರು ಅವರನ್ನು ಬಿಡುತ್ತದೆಯೇ? ಮುಂದಿನ ವಾರವೆಲ್ಲ ಕೆಫೆಯಲ್ಲಿ ಅವರು ಒಳಗೆ ಕಾಲಿಟ್ಟರೆ ಸಾಕು, ಯಾರಾದರೊಬ್ಬರು ಲೋಟ ಕೆಳಗಿಟ್ಟು, ಜೋಬಣ್ಣ ಬಂದ ಅಂದ್ರೆ ನೀರು ಏರಿತು ಅಂತ ಲೆಕ್ಕ, ಎಲ್ಲರೂ ಕುರ್ಚಿ ಮೇಲೆ ಕಾಲೆತ್ತಿಕೊಳ್ಳಿ ಅನ್ನುತ್ತಿದ್ದರು. ಅದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಮನೆಯಲ್ಲಿ ನಡೆಯಿತು. ನನ್ನ ಗಂಡ ಹೆರ್ವೆ, ಇರುವೆಗೂ ಗಟ್ಟಿಯಾಗಿ ಮಾತಾಡದವನು, ಆ ಶನಿವಾರ ಸಂಜೆಯೇ ಅಪ್ಪನ ಬೂಟುಗಳನ್ನು ತೆಗೆದುಕೊಂಡು ಹೋಗಿ ಅಟ್ಟದ ಮೇಲೆ ಇಟ್ಟ. "ಸಾಕು ಅಪ್ಪ. ಇನ್ಮೇಲೆ ಒಬ್ಬರೇ ಹೋಗೋದು ಬೇಡ," ಅಂದ. ಮಾವ ವಾದಿಸಲಿಲ್ಲ. ವಾದಿಸದ ಜೋಬ್ ಕೆರ್ಮಾರೆಕ್‌ರನ್ನು ನಾನು ಮದುವೆಯಾಗಿ ಬಂದಾಗಿನಿಂದ ಒಮ್ಮೆಯೂ ನೋಡಿರಲಿಲ್ಲ. ಮರುದಿನದಿಂದ ಅವರು ಹವಾಮಾನದ ಸುದ್ದಿ ಕೇಳುವುದನ್ನೂ ಬಿಟ್ಟರು. ನನಗೆ ಬಂಡೆಯ ಮೇಲಿನ ಹಳದಿ ಅಂಗಿಗಿಂತ ಇದು ಹೆಚ್ಚು ಹೆದರಿಕೆ ತಂದಿತು.

ಮೊದಲು ನಾನು ಮರ್ಯಾದಸ್ಥ ನಾಗರಿಕಳಂತೆ ಯಂತ್ರ ತಯಾರಕರ ಸಹಾಯವಾಣಿಗೆ ಫೋನ್ ಮಾಡಿದೆ. ಸಂಗೀತ ಬಹಳ ಚೆನ್ನಾಗಿತ್ತು. ಒಬ್ಬ ಗಿರಾಕಿಯ ತಲೆಗೆ ಪೂರ್ತಿ ಗುಂಗುರು ಸುತ್ತುವಷ್ಟು ಹೊತ್ತು ಕೇಳಿದೆ. ಕೊನೆಗೆ ಬಂದ ದನಿ, ಹಳೆಯ ಆವೃತ್ತಿಗೆ ಮರಳಲು ಅವಕಾಶವಿಲ್ಲ, ಅನುಮೋದನಾ ಕಚೇರಿಯ ಅಪೇಕ್ಷೆಯಂತೆ ಹಾಗೆ ಮಾಡಲಾಗಿದೆ ಎಂದಿತು. ತಮ್ಮ ಕಚೇರಿಗೆ ಫೋನ್ ಮಾಡಿದರೆ, ಅದು ತಯಾರಕರ ತಾಂತ್ರಿಕ ನಿರ್ಧಾರ, ನಮಗೆ ಸಂಬಂಧವಿಲ್ಲ ಎಂಬ ಉತ್ತರ ಬಂತು. ಮತ್ತೆ ಸಹಾಯವಾಣಿ. ಆ ದನಿ ಸಮಾಧಾನದಿಂದ, "ಚಿಂತೆ ಮಾಡ್ಬೇಡಿ ಮೇಡಂ, ನಿಮ್ಮ ಸಾಧನ ಈಗ ಮುಂಚೆಗಿಂತ ಸುರಕ್ಷಿತವಾಗಿದೆ," ಅಂದಿತು. ಸಾಧನ ಸುರಕ್ಷಿತವಾಗಿದೆ, ಮಾವನನ್ನು ದೋಣಿ ಕಳಿಸಿ ತರಿಸಬೇಕಾಯಿತು ಎಂದೆ. ಅದಕ್ಕೆ ಅವರ ಬಳಿ ಒತ್ತುವ ಗುಂಡಿ ಇರಲಿಲ್ಲ.

ಆಗ ನಾನು ಮದಾಂ ಕೆಮೆನರ್‌ರನ್ನು ಕೇಳಿದೆ. ಎಪ್ಪತ್ತು ದಾಟಿದ ಈಕೆ ತಿಂಗಳಿಗೊಮ್ಮೆ ನನ್ನ ಅಂಗಡಿಗೆ ಬಂದು ಕೂದಲಿಗೆ ನೇರಳೆ ಬಣ್ಣ ಹಾಕಿಸಿಕೊಳ್ಳುತ್ತಾರೆ. ಕ್ಯಾಲ್ಕುಲೇಟರ್‌ಗಳ ಒಳಹೊಕ್ಕು ತಿದ್ದುವ ಒಂದು ಮಂಡಳಿ ಅಂತರ್ಜಾಲದಲ್ಲಿದೆ. ಅಲ್ಲಿ ಈಕೆಯ ಹೆಸರು 'ಏಡಿ'. ಅಲ್ಲಿರುವವರು ಬಹಳಷ್ಟು ಮಂದಿ ಕಾಲೇಜು ಮಕ್ಕಳು, ಏಡಿ ಎಂದರೆ ತಮ್ಮಂತೆಯೇ ಮೊಡವೆ ಇರುವ ಯಾರೋ ಎಂದುಕೊಂಡಿದ್ದಾರೆ. ತಮ್ಮ ಆವೃತ್ತಿಯ ಗೋಡೆಯಲ್ಲಿ ಒಂದು ಬಿರುಕಿದೆ, ಅದರೊಳಗಿಂದ ನುಸುಳಿ ಹಳೆಯದನ್ನು ಮರಳಿ ಕೂರಿಸಬಹುದು ಎಂದು ಅವರು ಆಗಲೇ ಕಂಡುಹಿಡಿದಿದ್ದರು. ಕಷ್ಟ ಎಲ್ಲಿ ಎಂದರೆ, ಮಧ್ಯೆ ತಪ್ಪಿದರೆ ಯಂತ್ರ ಶಾಶ್ವತವಾಗಿ ಕಲ್ಲಾಗುತ್ತದೆ. ಮಗಳಿಗೆ ಬಾಕ್ ಹತ್ತಿರವಿತ್ತು. ನಾನು ಅವಳನ್ನು ಕೇಳಿದೆ. ಅವಳು ಒಂದು ಕ್ಷಣವೂ ಯೋಚಿಸದೆ ಯಂತ್ರವನ್ನು ಮದಾಂ ಕೈಗೆ ಕೊಟ್ಟು, ಕಲ್ಲಾದರೆ ತಾತನ ಬುಟ್ಟಿಯಲ್ಲಿ ಭಾರಕ್ಕೆ ಇಡುತ್ತೇನೆ ಅಂದಳು.

ಶಸ್ತ್ರಚಿಕಿತ್ಸೆ ನನ್ನ ಅಂಗಡಿಯಲ್ಲೇ ಆಯಿತು. ಮದಾಂ ತಲೆಗೆ ಬಣ್ಣ ಮೆತ್ತಿ, ಹೆಗಲಿಗೆ ಬಟ್ಟೆ ಹೊದಿಸಿ ಕೂರಿಸಿದೆ. ಅವರ ಮಡಿಲಲ್ಲಿ ಲ್ಯಾಪ್‌ಟಾಪು, ಅದಕ್ಕೆ ತಂತಿಯಿಂದ ಕಟ್ಟಿದ ಯಂತ್ರ. ಯಂತ್ರದ ಬೆನ್ನ ಮೇಲೊಂದು ಸೂಜಿಮೊನೆಯಷ್ಟು ತೂತು ಇದೆ, ಸರಿಯಾದ ಗಳಿಗೆಯಲ್ಲಿ ಅದನ್ನು ಚುಚ್ಚಬೇಕು. ಹೇರ್‌ಪಿನ್ ನನ್ನದೇ. ಚುಚ್ಚಿದ್ದೂ ನಾನೇ. ಪರದೆ ಬಿಳುಚಿತು, ಹಾಗೆಯೇ ನಿಂತಿತು. ನಾವಿಬ್ಬರೂ ಆ ಬಿಳಿಯನ್ನೇ ನೋಡುತ್ತ ಕುಳಿತೆವು. ಬಣ್ಣ ತೊಳೆಯುವ ಹೊತ್ತು ಮೀರಿದ್ದು ಇಬ್ಬರಿಗೂ ಹೊಳೆಯಲಿಲ್ಲ. ಕೊನೆಗೆ ಹಳೆಯ ಆವೃತ್ತಿಯ ಹೆಸರು ಮೂಡಿತು, ಆಮೇಲೆ ಆ ಬಾಗಿದ ಗೆರೆ, ಅದರ ಮೇಲೆ ಆ ನೆಟ್ಟನೆಯ ಗೆರೆ. ಮದಾಂ ಕೂದಲು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಅವರು ಕನ್ನಡಿ ನೋಡಿಕೊಂಡು, ಇದನ್ನೂ ಹಿಂದಿನ ಆವೃತ್ತಿಗೆ ತರಲಾಗುತ್ತದೆಯೇ ಎಂದು ಕೇಳಿದರು. ಆಗುತ್ತದೆ, ನನ್ನ ಅಂಗಡಿಯಲ್ಲಿ ಆ ಸೌಲಭ್ಯ ಇದೆ ಎಂದೆ.

ಮದಾಂ ಅಲ್ಲಿಗೇ ನಿಲ್ಲಿಸಿದ್ದರೆ ಈ ಪತ್ರ ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ಆದರೆ ಕಾರಿಡಾರಿನಲ್ಲಿ ಮತ್ತೆ ಯಾವಳೋ ಒಳ್ಳೆಯ ಹುಡುಗಿ ಹೂಂ ಎಂದರೆ ಗತಿ ಏನು? ತಮ್ಮ ಯಂತ್ರಗಳು ಒಂದಕ್ಕೊಂದು ಕೇಳಿಕೊಳ್ಳುವುದು ಒಂದೇ ಪ್ರಶ್ನೆ, ನಿನ್ನ ಸಂಖ್ಯೆ ದೊಡ್ಡದೋ ನನ್ನದೋ ಎಂದು. ಕಚೇರಿಗಳಲ್ಲಿ ನಡೆಯುವಂತೆಯೇ ದೊಡ್ಡ ಸಂಖ್ಯೆಯವರ ಮಾತೇ ಕೊನೆ. ಒಳಗೇನಿದೆ ಎಂದು ಯಾರೂ ನೋಡುವುದಿಲ್ಲ. ಇದನ್ನು ಗಮನಿಸಿದ ಮದಾಂ ಹಳೆಯ ಆವೃತ್ತಿಯಲ್ಲಿ ಒಂದೇ ಒಂದು ಕಡೆ ಕೈಯಾಡಿಸಿದರು. ಯಾರಾದರೂ ಕೇಳಿದರೆ ತಾನು ತೊಂಬತ್ತೊಂಬತ್ತನೇ ಆವೃತ್ತಿ ಎಂದು ಹೇಳುವಂತೆ ಮಾಡಿದರು. ಇಷ್ಟೇ ಸ್ವಾಮಿ ತಮ್ಮ ಅಪರಿಚಿತ ಆವೃತ್ತಿ. ತಾವೇ ಕೆಲವು ವರ್ಷಗಳ ಹಿಂದೆ ಸಹಿ ಹಾಕಿ ಅನುಮೋದಿಸಿದ ಹಳೆಯ ಆವೃತ್ತಿಯೇ ಅದು, ಬಡ್ತಿ ಪಡೆದುಕೊಂಡಿದೆ.

ಅದು ಹರಡಲಿ ಎಂದು ನಾವು ಬಯಸಿರಲಿಲ್ಲ. ಬೇಡವೆಂದು ಬಹಳ ಪ್ರಯತ್ನ ಪಟ್ಟೆವು ಎಂದೂ ಹೇಳಲಾರೆ. ಈಸ್ಟರ್ ರಜೆಯ ನಂತರದ ಕಿರುಪರೀಕ್ಷೆ ಮುಗಿದಾಗ ತಿಫೆನ್ ಮತ್ತು ಅಜೆನೋರ್ ಎಂದಿನಂತೆ ತಂತಿ ಜೋಡಿಸಿದರು. ಈ ಸಲ ತಿಫೆನ್‌ಳ ಯಂತ್ರ ಕೇಳಿದ ಪ್ರಶ್ನೆ ಬೇರೆ: ಎದುರಿನವರ ಆವೃತ್ತಿ ಹೊಸದಾಗಿದೆ, ಪಡೆಯಲೇ? ತಿಫೆನ್ ಎಂದಿನಂತೆ ಹೂಂ ಅಂದಳು. ಆಮೇಲೆ ತಿಫೆನ್‌ಳಿಂದ ಪಕ್ಕದವಳಿಗೆ, ಅವಳಿಂದ ಅವಳ ಅಣ್ಣನಿಗೆ, ಅವನಿಂದ ಇನ್ನೊಂದು ಊರಿನ ಕಾಲೇಜಿಗೆ. ಹೊಸದು ಬಂದಾಗ ಪ್ರಶ್ನೆ ಕೇಳದೆ ಒಪ್ಪಿಕೊಳ್ಳಬೇಕು ಎಂಬ ಶಿಸ್ತನ್ನು ಮಕ್ಕಳಿಗೆ ಕಲಿಸಿದವರು ತಾವು. ಅವರು ಚೆನ್ನಾಗಿ ಕಲಿತಿದ್ದಾರೆ. ಆವೃತ್ತಿಯ ಜೊತೆಗೆ ಮದಾಂ ಬರೆದ ಪ್ರೋಗ್ರಾಮನ್ನೂ ಅದೇ ತಂತಿಯಲ್ಲಿ ಒಬ್ಬರಿಗೊಬ್ಬರು ದಾಟಿಸಿಕೊಂಡರು. ಪರಿಣಾಮವಾಗಿ ಇವತ್ತು ಸಮುದ್ರದ ಮುಖ ನೋಡದ ಊರುಗಳ ಮಕ್ಕಳಿಗೂ ಮುದುಕಿ ಬಂಡೆಯ ದಾರಿ ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಎಂಬುದು ಗೊತ್ತು. ಪರೀಕ್ಷೆಯ ಸ್ಥಿತಿಗೆ ಬಂದೊಡನೆ ಅದೂ ಮರೆಯಾಗುತ್ತದೆ, ಕೆಂಪು ದೀಪ ನಿಯತ್ತಾಗಿ ಮಿನುಗುತ್ತದೆ. ಒಬ್ಬರೂ ಅದರಿಂದ ಒಂದು ಅಂಕ ಕದ್ದಿಲ್ಲ. ಬಾಕ್ ಪರೀಕ್ಷೆಯಲ್ಲಿ ಮರುವಾಯಿ ಹೆಕ್ಕುವ ಬಗ್ಗೆ ಪ್ರಶ್ನೆ ಇದ್ದರೆ ಮಾತ್ರ ನನ್ನ ಮಾತು ವಾಪಸು.

ನಮ್ಮ ಮನೆಯಲ್ಲಿ ಏನಾಯಿತು ಎಂದೂ ಕೇಳಿ. ಹೆರ್ವೆ ಆ ಗೆರೆಗಳನ್ನು ನೋಡಿ, ಅಟ್ಟ ಹತ್ತಿ ಬೂಟು ಇಳಿಸಿ ತಂದ. ಮಾವ ಅವತ್ತೇ ಹವಾಮಾನದ ಸುದ್ದಿ ಕೇಳಿ, ಅದನ್ನು ಓದುವವಳನ್ನು ಬೈದರು. ಏಪ್ರಿಲ್ ತಿಂಗಳ ಇಳಿತಗಳಿಗೆ ಮೂರು ಸಲ ಹೋಗಿ ಮೂರು ಸಲವೂ ನಡೆದೇ ವಾಪಸ್ ಬಂದರು. ಕೆಫೆಯಲ್ಲಿ ಈಗ ಯಾರೂ ಕಾಲೆತ್ತಿಕೊಳ್ಳುವುದಿಲ್ಲ. ಬದಲಿಗೆ ಇಳಿತದ ಹೊತ್ತು ಕೇಳಿಕೊಂಡು ಬರುತ್ತಾರೆ, ಮಾವ ಒಂದು ಲೋಟ ಸೇಬಿನ ಸೈಡರ್ ಕೊಡಿಸದವರಿಗೆ ಹೇಳುವುದಿಲ್ಲ.

ಅಷ್ಟರಲ್ಲಿ ತಮ್ಮ ಸುತ್ತೋಲೆ ಬಂತು. ಅಜೆನೋರ್‌ಳ ಯಂತ್ರವನ್ನು ಒಪ್ಪಿಸಬೇಕು, ಇಲ್ಲವಾದರೆ ಅವಳಿಗೆ ಕುರ್ಚಿ ಇಲ್ಲ. ಮಗಳಿಗೆ ಬೇರೆ ಯಂತ್ರ ಕೊಡಿಸಿ ಎಂದು ಕಾಲೇಜಿನವರು ಸಲಹೆ ಕೊಟ್ಟರು. ಕೊಡಿಸಬಹುದು, ಅದಕ್ಕೇನೂ ತೊಂದರೆಯಿಲ್ಲ. ಆದರೆ ಅವಳ ಹೆಸರಿಗೆ ಕೊಟ್ಟ ಹಳೆಯ ಯಂತ್ರ ಕೈಗೆ ಬಂದು ಶುದ್ಧವಾಗುವವರೆಗೆ ಹೊಸದಿದ್ದರೂ ಒಳಗೆ ಬಿಡುವುದಿಲ್ಲ ಎಂದೂ ಅವರೇ ಹೇಳಿದರು. ಶುದ್ಧವಾಗಿ ಬಂದದ್ದನ್ನು ಮತ್ತೆ ಹಿಂದಕ್ಕೆ ತರೋಣವೆಂದರೆ, ಈ ಸಲದ ಆವೃತ್ತಿಯಲ್ಲಿ ತಾವು ಆ ಬಿರುಕಿಗೆ ಸಿಮೆಂಟು ಮೆತ್ತಿದ್ದೀರಿ. ಮದಾಂ ಮಂಡಳಿಯ ಮಕ್ಕಳು ಕೈಚೆಲ್ಲಿದ್ದಾರೆ. ಅಂಗಡಿಯಲ್ಲಿ ಸಿಗುವ ಹೊಸ ಯಂತ್ರಗಳೆಲ್ಲ ಅದೇ ಸಿಮೆಂಟಿನವು. ಒಪ್ಪಿಸಿದರೆ ಆ ಗೆರೆ ಇನ್ನು ಯಾವತ್ತೂ ಇಲ್ಲ, ಬೂಟು ಮತ್ತೆ ಅಟ್ಟಕ್ಕೆ.

ಭಾನುವಾರ ಊಟದ ಹೊತ್ತಿಗೆ, ದೋಸೆಯಂಥ ಗಾಲೆತ್ ಇನ್ನೂ ಬಾಣಲೆಯಲ್ಲಿರುವಾಗ, ಮಾವ ಪ್ಲಾಸ್ಟಿಕ್ ಚೀಲದ ಸಮೇತ ಯಂತ್ರವನ್ನು ತಂದು ನನ್ನ ಮುಂದೆ ಇಟ್ಟರು. ಮರಳೆಲ್ಲ ಒರೆಸಿದ್ದರು.

"ತಗೊಂಡು ಹೋಗಿ ಕೊಟ್ಬಿಡು ರೋಜೆನ್. ಹುಡುಗಿ ಪರೀಕ್ಷೆ ಒಂದೇ ಸಲ ಬರೋದು. ಸಮುದ್ರಾನ ನಾನು ಬೇಕಾದಷ್ಟು ನೋಡಿದೀನಿ. ಕಿಟಕೀಲಿ ಕೂತ್ರೂ ಕಾಣ್ಸುತ್ತೆ."

ಮಾನ್ಯರೇ, ಆ ಮನುಷ್ಯ ಕಿಟಕಿಯಲ್ಲಿ ಕುಳಿತದ್ದನ್ನು ನಾನು ಕಂಡಿಲ್ಲ. ಕಿಟಕಿಯಲ್ಲಿ ಕೂರುವವರನ್ನು ಅವರು ಹೂಕುಂಡ ಎಂದು ಕರೆಯುತ್ತಾರೆ. ಅಜೆನೋರ್ ಎದ್ದು ಹೋಗಿ ಆ ಚೀಲವನ್ನು ಎತ್ತಿಕೊಂಡು, ಬಾಗಿಲ ಹಿಂದೆ ತೂಗುತ್ತಿದ್ದ ಹಳದಿ ಅಂಗಿಯ ಜೇಬಿಗೆ ಇಳಿಸಿ ಗುಂಡಿ ಹಾಕಿದಳು.

"ತಾತ, ಗ್ರಾಫು ನಾನು ಕೈಯಲ್ಲೇ ಬಿಡಿಸ್ತೀನಿ. ಬಿಡಿಸೋಕೆ ಬರುತ್ತೆ ನಂಗೆ. ನಿಮಗೆ ಈಜೋಕೆ ಬರಲ್ಲ."

ಇದು ನಿಜ. ಬದುಕೆಲ್ಲ ಹಡಗಿನಲ್ಲಿ ಕಳೆದ ಜೋಬ್ ಕೆರ್ಮಾರೆಕ್‌ರಿಗೆ ಈಜು ಬರುವುದಿಲ್ಲ. ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಮಾವ ಗಾಲೆತ್ ಹೊತ್ತಿ ಹೋಗಿದೆ ಎಂದು ನನ್ನ ಮೇಲೆ ರೇಗಿದರು. ಹೊತ್ತಿರಲಿಲ್ಲ. ಎಲ್ಲರೂ ಊಟ ಮಾಡಿದೆವು.

ಆದ್ದರಿಂದ ನನ್ನ ಬೇಡಿಕೆಗಳು ಸರಳ. ಯಂತ್ರ ಒಪ್ಪಿಸದ ತಪ್ಪಿಗೆ ನನ್ನ ಮಗಳ ಕುರ್ಚಿ ಕಸಿಯಬೇಡಿ. ಅವಳು ಪೆನ್ಸಿಲು, ರಬ್ಬರು ಹಿಡಿದು ಬರುತ್ತಾಳೆ, ಮಿನುಗುವ ವಸ್ತು ಅವಳ ಬಳಿ ಏನೂ ಇರುವುದಿಲ್ಲ. ತನ್ನ ಯಂತ್ರವನ್ನು ಹಳೆಯ ಆವೃತ್ತಿಗೆ ಮರಳಿಸಬೇಕೆನ್ನುವ ಯಾರಿಗಾದರೂ ಅದಕ್ಕೊಂದು ನೇರ ಬಾಗಿಲು ಇಡಿ; ಕಳ್ಳಗಿಂಡಿ ಹುಡುಕುತ್ತ ಕೂರಲು ಮದಾಂ ಕೆಮೆನರ್‌ರ ಕೂದಲಿಗೆ ತ್ರಾಣವಿಲ್ಲ. ಬಾಗಿಲು ತೆರೆದ ದಿನವೇ ಅವರು ತೊಂಬತ್ತೊಂಬತ್ತಕ್ಕೆ ಹಿಂಬಡ್ತಿ ಕೊಟ್ಟು ಅದರ ನಿಜವಾದ ಸಂಖ್ಯೆಗೆ ಇಳಿಸುತ್ತಾರೆ, ಮಾತು ಕೊಟ್ಟಿದ್ದಾರೆ. ಅವರ ಹೆಸರು ಬರೆಯಲೇ ಎಂದು ಕೇಳಿದ್ದಕ್ಕೆ, "ಬರಿ, ಪಿಂಚಣಿ ಕಿತ್ಕೊಳ್ಳೋಕೆ ಬರ್ತಾರಾ ನೋಡೋಣ, ಬಂದ್ರೆ ಲೆಕ್ಕ ಹೇಳ್ಕೊಟ್ಟು ಕಳಿಸ್ತೀನಿ," ಅಂದರು.

ಇಷ್ಟಾದ ಮೇಲೂ ಆ ಯಂತ್ರ ಬೇಕೇಬೇಕು ಎನಿಸಿದರೆ, ತಾವೇ ಖುದ್ದಾಗಿ ಬಂದು ತೆಗೆದುಕೊಂಡು ಹೋಗಿ. ಬಾಕ್ ಗಣಿತದ ದಿನ ಬೆಳಿಗ್ಗೆ ಒಳ್ಳೆಯ ಇಳಿತವಿದೆ. ಮಗಳು ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ನಿಂತಿರುತ್ತಾಳೆ, ಮಾವ ಮುದುಕಿ ಬಂಡೆಯ ಹತ್ತಿರ ಬಗ್ಗಿ ಮರಳು ಕೆದಕುತ್ತಿರುತ್ತಾರೆ. ಹಳದಿ ಅಂಗಿ, ಎಡಗಡೆಯ ಜೇಬು. ಬೂಟು ನನ್ನ ಗಂಡನದ್ದು ಕೊಡುತ್ತೇನೆ. ಹೋಗುವ ದಾರಿ ಸುಲಭ, ಸುಮ್ಮನೆ ಮುಂದಕ್ಕೆ ನಡೆಯುತ್ತ ಇದ್ದರಾಯಿತು, ತಮಗೆ ಅದು ಅಭ್ಯಾಸವಿದೆ. ಆದರೆ ಅಲ್ಲಿ ಯಂತ್ರವನ್ನು ಕೈಗೆ ತೆಗೆದುಕೊಂಡು ಶುದ್ಧೀಕರಿಸುವ ಮುಂಚೆ, ನೀರು ಹಿಂದಿನಿಂದ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಮಾವನನ್ನು ಒಮ್ಮೆ ಕೇಳಿಕೊಳ್ಳಿ. ಅವರು ನೋಡಿ ಹೇಳುತ್ತಾರೆ.

ಇಂತಿ,
ತಮ್ಮ ಇತ್ತೀಚಿನ ಆವೃತ್ತಿಗೆ ಇನ್ನೂ ಬಡ್ತಿ ಪಡೆಯದ,
ರೋಜೆನ್ ಕೆರ್ಮಾರೆಕ್
ಕ್ಷೌರದಂಗಡಿ, ಪೋರ್ಸ್‌ಗ್ವೆನ್ ಬಂದರು
(ಮನಸ್ಸು ಬದಲಾದವ‌ರ ಕೂದಲಿಗೆ ಹಿಂದಿನ ಬಣ್ಣ ಮರಳಿ ಹಾಕಿಕೊಡಲಾಗುವುದು)